‘ಊಟ ಆಗೇತ್ರಿ’ ಎಂಬ ಸುಳ್ಳು

ಮೊನ್ನೆ ರವಿವಾರ ದೇಗಾಂವದ ಒಂದು ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆ. ಒಳಗಿನಿಂದ ಬಿಸಿ ರೊಟ್ಟಿಯ ವಾಸನೆ ಬಂತು. ಅದರ ಬೆನ್ನಿಗೇ ಎಣ್ಣೆಗಾಯಿಯ ಮಸಾಲೆ. ಮುಂಜಾನೆ ಬಸ್ಸು ತಪ್ಪೀತೆಂದು ಬರೀ ಚಹಾ ಕುಡಿದು ಬೈಲಹೊಂಗಲದಿಂದ ಓಡಿಬಂದವಳು ನಾನು; ಹೊಟ್ಟೆ ತಾಳ ಹಾಕುತ್ತಿತ್ತು. ಅಷ್ಟರಲ್ಲಿ ಆ ಮನೆಯಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, “ಏಳ್ರಿ ಅಕ್ಕಾರ, ಒಂದೀಟ ಊಟಾ ಮಾಡೂಣ” ಎಂದರು. ನನ್ನ ನಾಲಿಗೆ ತಯಾರಾಗಿಯೇ ಇತ್ತು ನೋಡಿ! “ಊಟ ಆಗೇತ್ರಿ” ಎಂಬ ಮಾತು ಹಲ್ಲಿನ ತನಕ ಬಂದು ನಿಂತಿತು.

ನಾವು ಹೋದದ್ದು ಕನ್ಯಾ ನೋಡಲು. ಮಗ ನೇಸರಗಿಯಲ್ಲಿ ದನದ ಡಾಕ್ಟರ್. ನಮ್ಮ ಮನೆಯವರಿಗೆ ಬಸ್ಸಿನ ಪ್ರಯಾಣ ಆಗಿಬರುವುದಿಲ್ಲವೆಂದು ತಾಯಿ ಮಗ ಇಬ್ಬರೇ ಹೊರಟಿದ್ದೆವು. ಹುಡುಗಿಯ ಫೋಟೋ ನೋಡಿ ಅವನಿಗಿಂತ ಮೊದಲು ಮರುಳಾದವಳು ನಾನು. ಸೊಸೆಯಾದರೆ ಇವಳೇ ಎಂದು ಮನಸ್ಸಿನಲ್ಲೇ ಅಕ್ಷತೆ ಹಾಕಿ ಮುಗಿಸಿದ್ದೆ. ಅಂಥ ಮನೆಯಲ್ಲಿ ‘ಹಸಿವು’ ಎನ್ನುವುದೆಂದರೇನು? ಬೀಗಿತ್ತಿಯಾಗುವವಳಿಗೆ ಒಂದು ಗತ್ತು ಬೇಡವೇ?

ನೀವು ನಮ್ಮ ಕಡೆಯವರಲ್ಲದಿದ್ದರೆ ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾರದೇ ಮನೆಗೆ ಹೋಗಿ, ಉಣ್ಣಲು ಕರೆಯುತ್ತಾರೆ. ಮೊದಲ ಸಲ ‘ಆಗೇತ್ರಿ’ ಎನ್ನಬೇಕು. ಎರಡನೆಯ ಸಲ ‘ಖರೇನ ಆಗೇತ್ರಿ, ಈಗ ಉಂಡ ಬಂದೇವಿ’ ಎನ್ನಬೇಕು. ಮೂರನೆಯ ಸಲ ಅವರು ರಟ್ಟೆ ಹಿಡಿದು ಎಬ್ಬಿಸಿದಾಗ, ‘ನಿಮ್ಮ ಮಾತ ಮೀರಬಾರದಂತ’ ಎಂದು ಗೊಣಗುತ್ತ ಎದ್ದು ಹೊಟ್ಟೆ ಬಿರಿಯುವಂತೆ ಉಣ್ಣಬೇಕು. ಇದು ಸುಳ್ಳೆಂದು ಇಬ್ಬರಿಗೂ ಗೊತ್ತು. ಆದರೂ ಹೇಳದಿದ್ದರೆ ಮರ್ಯಾದೆ ಹೋಯಿತು!

ಈ ಮರ್ಯಾದೆಯನ್ನು ಗಾಳಿಗೆ ತೂರಿದವಳು ನನಗೆ ಗೊತ್ತಿದ್ದಂತೆ ಒಬ್ಬಳೇ. ಅಪ್ಪನ ತಂಗಿ, ಮುರಗೋಡದ ಶಾಂತವ್ವತ್ತಿ. ಹೆಸರು ಶಾಂತವ್ವ, ದನಿ ಮಾತ್ರ ಮೂರು ಓಣಿಗೆ ಕೇಳುವಂಥದು. ಯಾರ ಮನೆಗಾದರೂ ಹೋಗಲಿ, ಚಪ್ಪಲಿ ಬಿಡುತ್ತಲೇ, “ನಾ ಉಂಡಿಲ್ಲ ಮತ್ತ. ಏನ ಮಾಡೀರಿ?” ಎನ್ನುತ್ತಿದ್ದಳು. ಹಸಿವಿಲ್ಲದಿದ್ದರೆ ಹೋಳಿಗೆ ತಂದಿಟ್ಟರೂ, “ಒಲ್ಲೆ” ಎಂದುಬಿಡುತ್ತಿದ್ದಳು. ನಾಲ್ಕು ಸಲ ಕೇಳಿದರೂ ಒಲ್ಲೆ ಎಂದರೆ ಒಲ್ಲೆ. ಅವಳ ಜೊತೆ ಹೋದರೆ ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಎನಿಸುತ್ತಿತ್ತು. “ಅತ್ತೀ, ಮಂದಿ ಏನ ತಿಳ್ಕೋತಾರ?” ಎಂದರೆ, “ಹಸದಾಳಂತ ತಿಳ್ಕೋತಾರ. ಖರೇನ ಐತೆಲಾ!” ಎಂದು ನಗುತ್ತಿದ್ದಳು.

ನಮ್ಮಪ್ಪನದು ತದ್ವಿರುದ್ಧ ಸ್ವಭಾವ. ನನಗೆ ರಾಮದುರ್ಗದ ಒಂದು ಸಂಬಂಧ ಬಂದಾಗ ಹುಡುಗನ ಮನೆತನ ನೋಡಿ ಬರಲು ಹೋದರು. ಅವರು ಊಟಕ್ಕೆ ಕರೆದರು. ಅಪ್ಪ ‘ಆಗೇತ್ರಿ’ ಎಂದರು. ಮತ್ತೆ ಕರೆದರು; ಮತ್ತೆ ಅದೇ. ಮೂರನೆಯ ಸಲಕ್ಕೆ ಏಳಲು ಅಪ್ಪ ಧೋತರದ ಚುಂಗು ಸರಿಮಾಡಿಕೊಂಡು ಕಾಯುತ್ತ ಕುಳಿತರೆ, ಆ ಪುಣ್ಯಾತ್ಮರು ಮೂರನೆಯ ಸಲ ಕರೆಯಲೇ ಇಲ್ಲ! ತಾವೇ ಒಳಗೆ ಹೋಗಿ ಉಂಡು ಬಂದರಂತೆ. ಅಪ್ಪ ಸಂಜೆ ಮನೆಗೆ ಬಂದು ತಂಗಳು ರೊಟ್ಟಿಯ ಮೇಲೆ ಬಿದ್ದದ್ದನ್ನು ಕಂಡು, ಸುಗ್ಗಿಗೆಂದು ನಮ್ಮಲ್ಲಿಗೆ ಬಂದಿದ್ದ ಅತ್ತಿ, “ಬಾಯಿದ್ದಾವ್ರು ಬರಗಾಲದಾಗೂ ಬದುಕಿದ್ರಂತ. ನೀ ಸುಗ್ಗ್ಯಾಗ ಉಪವಾಸ ಬಂದೀ ನೋಡಣ್ಣಾ” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮುಂದೆ ಆ ರಾಮದುರ್ಗದವರು ನನ್ನನ್ನು ನೋಡಿ ಹೋದರು, ಒಪ್ಪಿದರು. ದೊಡ್ಡ ಮನೆ, ನೀರಾವರಿ ಹೊಲ. ಅಪ್ಪ ನನ್ನನ್ನು ಕರೆದು, “ನೀ ಏನಂತೀ?” ಎಂದರು. ನಾನು ತಲೆ ಬಗ್ಗಿಸಿ, “ನೀವು ಹೆಂಗಂತೀರಿ ಹಂಗ” ಎಂದೆ. ಎಂಥ ವಿನಯ! ನನಗೇ ನನ್ನ ಬಗ್ಗೆ ಹೆಮ್ಮೆಯೆನಿಸಿತು.

ಅತ್ತಿ ಶೇಂಗಾ ಸುಲಿಯುತ್ತಿದ್ದವಳು ಮೊರವನ್ನು ಬದಿಗಿಟ್ಟಳು. “ಇದೂ ನಿಮ್ಮಪ್ಪನ ‘ಊಟ ಆಗೇತ್ರಿ’ ಇದ್ದಂಗಾತು. ಉಂಡೀಯೋ ಹಸದೀಯೋ ಅದನ್ನ ಹೇಳು. ಮಂದಿಗೆ ಆಮ್ಯಾಲೆ ಹೇಳೀಯಂತ, ಮೊದಲ ನಿನಗ ಗೊತ್ತೈತೋ ಇಲ್ಲೋ?”

ಗೊತ್ತಿರಲಿಲ್ಲ, ನಂಬಿ! ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕುಳಿತೆ. ನನಗೇನು ಬೇಕು ಎಂದು ನನ್ನನ್ನು ನಾನೇ ಕೇಳಿಕೊಂಡದ್ದು ಅದೇ ಮೊದಲು. ಆ ದೊಡ್ಡ ಮನೆಯನ್ನು ನೆನೆದೆ. ಒಳಗೆ ಏನೂ ಅಲುಗಲಿಲ್ಲ. ನಮ್ಮೂರ ಸಾಲಿಯ ಕರಿಹಲಗೆಯನ್ನು ನೆನೆದೆ. ಯವ್ವಾ! ಎದೆ ಡವಡವ ಹೊಡೆದುಕೊಂಡಿತು. ಓಡಿಬಂದು, “ನಾ ಒಲ್ಲೆ ಅಪ್ಪಾ, ಮಾಸ್ತರಕಿ ಕಲೀತೇನಿ” ಎಂದು ಕೂಗಿಯೇ ಹೇಳಿದೆ. ದನಿ ಅತ್ತಿಯದಕ್ಕಿಂತ ದೊಡ್ಡದಾಗಿತ್ತು. ಅಪ್ಪ ಎರಡು ದಿನ ಮಾತು ಬಿಟ್ಟರು. ಆಮೇಲೆ ತಾವೇ ಕರೆದುಕೊಂಡು ಹೋಗಿ ಶಿಕ್ಷಕರ ತರಬೇತಿಗೆ ಹೆಸರು ಹಚ್ಚಿ ಬಂದರು.

ಮಾಸ್ತರಕಿ ಸಿಕ್ಕ ಮೇಲೆ ಒಮ್ಮೆ ಸವದತ್ತಿಯಲ್ಲಿ ನಮಗೆಲ್ಲ ತರಬೇತಿ ಇತ್ತು. ಬಂದ ಸಾಹೇಬರು, “ನಿಮ್ಮ ಜೀವನಮೌಲ್ಯ ಯಾವುದು, ಒಬ್ಬೊಬ್ಬರಾಗಿ ಹೇಳ್ರಿ” ಎಂದರು. ಸಾಲಿಯ ಗೋಡೆಯ ಮೇಲೆ ಬರೆಸಿದ್ದನ್ನೇ ಎಲ್ಲರೂ ಒಪ್ಪಿಸಿದರು: ಸತ್ಯ, ಅಹಿಂಸೆ, ಸಮಯಪಾಲನೆ. ಸಮಯಪಾಲನೆ ಎಂದವರು ಆ ದಿನ ಎಲ್ಲರಿಗಿಂತ ತಡವಾಗಿ ಬಂದಿದ್ದರು. ನನ್ನ ಸರದಿ ಬಂದಾಗ, “ಹಸದಾಗ ಹಸದೇನಿ ಅನ್ನೂದ್ರಿ” ಎಂದೆ. ಸಭೆಯೆಲ್ಲ ನಕ್ಕಿತು. ಸಾಹೇಬರು ಗಡಿಯಾರ ನೋಡಿ ಊಟಕ್ಕೆ ಬಿಟ್ಟರು.

ಹೇಳುವುದು ಸುಲಭ. ಆದರೆ ನಾಲಿಗೆ ಅಪ್ಪನದು, ಏನು ಮಾಡಲಿ? ದೇಗಾಂವದ ಪಡಸಾಲೆಯಲ್ಲೂ ಅದೇ ತಾನೇ ಹಲ್ಲಿನ ತನಕ ಬಂದದ್ದು! ಅದನ್ನು ನುಂಗಿಕೊಂಡು, “ಹೂನ್ರಿ ಬಾಯಾರ, ಭಾಳ ಹಸಿವ್ಯಾಗೇತಿ” ಎಂದೆ. ಮಗ ಹೌಹಾರಿ ನನ್ನ ಮುಖ ನೋಡಿದ. ಆ ಮನೆಯಾಕೆಯ ಮುಖವಂತೂ ಅರಳಿಹೋಯಿತು.

ತಾಟು ಹಚ್ಚಿ ಬಡಿಸಲು ಹುಡುಗಿಯೇ ಬಂದಳು. ಫೋಟೋಕ್ಕಿಂತ ಲಕ್ಷಣ. “ನೀ ಉಂಡೀಯೇನವಾ?” ಎಂದೆ. “ಆಕೀದ ಆಗೇತ್ರಿ” ಎಂದರು ತಾಯಿ. ಹುಡುಗಿ ತಿರುಗಿ ನೋಡಿ, “ಎಲ್ಲಿ ಆಗೇತವ್ವಾ? ನಸುಕಿನಿಂದ ಸೀರಿ ಉಡಿಸ್ಕೋತ ನಿಂತೇನಿ” ಎಂದಳು. ನನಗೆ ಕುಣಿಯಬೇಕೆನಿಸಿತು! ಅವಳನ್ನು ಕೈಹಿಡಿದು ನನ್ನ ಮಗ್ಗುಲಲ್ಲೇ ಕೂರಿಸಿಕೊಂಡೆ.

ಎರಡು ರೊಟ್ಟಿ ಇಳಿದ ಮೇಲೆ ಕೇಳದೆ ಇರಲಾಗಲಿಲ್ಲ. “ಈ ಲಗ್ನ ಖರೇನ ನಿನಗ ಬೇಕಾಗೇತೋ, ಮನ್ಯಾಗ ಅಂದಾರಂತ ಸೀರಿ ಉಟಗೊಂಡೀಯೋ? ಬಿಚ್ಚಿ ಹೇಳು.” ಬಾಯಿ ಹೀಗೆ ಕೇಳುತ್ತಿದ್ದರೆ ಒಳಗಿನ ಜೀವ, ‘ಹೂಂ ಅನ್ನವಾ, ಹೂಂ ಅನ್ನು’ ಎಂದು ಕೈಮುಗಿಯುತ್ತಿತ್ತು.

ಅವಳು ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿಟ್ಟಳು. “ಸಿಟ್ಟಾಗಬ್ಯಾಡ್ರಿ ಅತ್ತಿಯಾರ. ನಿಮ್ಮ ಮಗಾ ಛಲೋ ಅದಾರ್ರಿ. ಆದರ ನಾ ಈಗ ಲಗ್ನ ಒಲ್ಲೆ. ಗೆಳತಿ ಕೂಡ ಕಿತ್ತೂರಾಗ ಬೇಕರಿ ಹಾಕಬೇಕಂತ ಮಾಡೇನಿ.”

ಎದುರಿಗೆ ಉಣ್ಣುತ್ತಿದ್ದ ಅವಳ ಅಪ್ಪ ಮಾಳಿಗೆಯ ಜಂತಿ ನೋಡತೊಡಗಿದರು. ಮನಸ್ಸಿನಲ್ಲಿ ಹಾಕಿದ್ದ ಅಕ್ಷತೆಯನ್ನು ನಾನು ಒಂದೊಂದಾಗಿ ಆರಿಸಿಕೊಂಡೆ. ಆದರೂ ಬೇಕರಿ ಎನ್ನುವಾಗ ಆ ಹುಡುಗಿಯ ಕಣ್ಣು ಹೊಳೆದದ್ದನ್ನು ನೀವು ನೋಡಬೇಕಿತ್ತು! ಬಾವಿಕಟ್ಟೆಯಿಂದ ಓಡಿಬಂದ ಹುಡುಗಿಯೇ ನನ್ನ ಮಗ್ಗುಲಲ್ಲಿ ಕುಳಿತ ಹಾಗಾಯಿತು. “ಇನ್ನೊಂದ ರೊಟ್ಟಿ ಹಾಕ್ರಿ” ಎಂದೆ.

ಹೊರಡುವಾಗ ಹುಡುಗಿಯ ತಾಯಿ ರೂಢಿಯಂತೆ, “ವಿಚಾರ ಮಾಡಿ ತಿಳಸ್ತೇವ್ರಿ” ಎಂದರು. “ತಿಳಿಸಿ ಆತಲ್ಲವ್ವಾ” ಎಂದಳು ಹುಡುಗಿ. ಜಂತಿ ನೋಡುತ್ತಿದ್ದ ಅಪ್ಪನಿಗೂ ನಗು ತಡೆಯಲಾಗಲಿಲ್ಲ.

ದೇಗಾಂವದಿಂದ ಕಿತ್ತೂರಿಗೆ ಬಂದು ಬೈಲಹೊಂಗಲದ ಬಸ್ಸು ಹತ್ತಿ ಕುಳಿತೆವು. ಟಿಕೀಟು ತೆಗೆಸಿದ ಮೇಲೆ ಮಗ, “ಅವ್ವಾ, ಬ್ಯಾಸರಾತೇನ?” ಎಂದ. ‘ಛೇ, ನನಗ್ಯಾಕ ಬ್ಯಾಸರ’ ಎಂದು ನಾಲಿಗೆ ಮತ್ತೆ ತಯಾರಾಯಿತು. ಇದೂ ‘ಊಟ ಆಗೇತ್ರಿ’ಯೇ ಅಲ್ಲವೇ?

“ಹೂನಪಾ, ಭಾಳ ಬ್ಯಾಸರಾಗೇತಿ” ಎಂದೆ. “ಆಕಿ ನಮ್ಮ ಮನಿಗೆ ಬರಬೇಕಿತ್ತು.”

ಅವನು ಕಿಟಕಿಯ ಕಡೆ ಮುಖ ಮಾಡಿ, “ನನಗೂ ಆಗೇತವಾ” ಎಂದ. ದನಗಳ ಹೊಟ್ಟೆನೋವಿನ ಸುದ್ದಿ ಬಿಟ್ಟು ತನ್ನ ಸುದ್ದಿಯನ್ನು ಅವನು ನನಗೆ ಹೇಳಿ ಎಷ್ಟು ವರ್ಷವಾಗಿತ್ತೋ! ಅವನ ಕೈಮೇಲೆ ಕೈಯಿಟ್ಟೆ, ಎಳೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ತಾನೇ ನಕ್ಕು, “ಬೇಕರಿ ಸುರು ಆದ್ರ ಮೊದಲ ಗಿರಾಕಿ ನಾವ ಆಗೂಣಲಾ?” ಎಂದ.

“ಆಗೂಣು. ಆದರ ಮನ್ಯಾಗ ಉಂಡು ಹೋಗೂದು ಬ್ಯಾಡ” ಎಂದೆ, “ಹಸಕೊಂಡ ಹೋಗೂಣು.”