ಗೌಡರ ಅಂಗಳದಲ್ಲಿ ಬಿಚ್ಚಿದ ಚಕ್ರ

ಕೊಟ್ಟಿಗೆಹಾರದಲ್ಲಿ ಬಸವರಾಜುವಿನ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ತಲೆ ಎತ್ತುವುದಿಲ್ಲ. ಪಂಚರ್ ಬಸವರಾಜು ಎಂದರೆ ಮಾತ್ರ ಹೋಟೆಲಿನ ಕಟ್ಟೆಯ ಮೇಲೆ ಕುಳಿತವರಲ್ಲಿ ಒಬ್ಬ ಬಾಯಿ ತೆರೆಯುತ್ತಾನೆ. "ಓ, ಕುಡ್ದು ಕೈ ಕಳ್ಕೊಂಡವ್ನಾ? ಚಾರ್ಮಾಡಿ ರಸ್ತೇಲಿ ಎರಡ್ನೇ ತಿರುವು, ಹೋಗಿ." ಹೇಳುವವನ ಬಾಯಿಯೇ ಬೆಳಗಿನ ಹತ್ತು ಗಂಟೆಗೆ ಗಬ್ಬು ಹೊಡೆಯುತ್ತಿರುತ್ತದೆ, ಅದು ಬೇರೆ ಮಾತು. ಬಸವರಾಜು ತಾನಾಗಿ ಒಂದು ಹನಿ ಕುಡಿದವನಲ್ಲ.

ಕುಡಿಯದಿರುವುದಕ್ಕೆ ಕಾರಣವಿತ್ತು. ಅಪ್ಪ ಲಿಂಗಪ್ಪ ಸಾರಾಯಿಯಲ್ಲೇ ಸತ್ತ. ಹೂಳಿ ಬಂದ ದಿನವೇ ತಾಯಿ ನಂಜಮ್ಮ ಹದಿನೇಳರ ಮಗನ ಬಲಗೈಯನ್ನು ಅವನ ಕೊರಳ ಲಿಂಗದ ಮೇಲೆ ಇಡಿಸಿ ಮಾತು ತೆಗೆದುಕೊಂಡರು. ಮುಂದೆ ಏಳು ವರ್ಷ ಘಾಟಿ ಲಾರಿಗಳಲ್ಲಿ ಕ್ಲೀನರ್ ಆಗಿದ್ದಾಗಲೂ ಅವನು ಆ ಮಾತು ಮುರಿಯಲಿಲ್ಲ. ಕುಡಿಯದ ಕ್ಲೀನರ್ ಎಂಥೆಂಥ ಲೇವಡಿ ನುಂಗಬೇಕು ಎನ್ನುವುದು ಲಾರಿಯವರಿಗೇ ಗೊತ್ತು.

ಆಮೇಲೆ ತಗಡಿನ ಶೆಡ್ಡು ಹಾಕಿ ಪಂಚರ್ ಅಂಗಡಿ ಇಟ್ಟ. ಕೆಲಸದಲ್ಲಿ ಅವನದು ಪೂಜೆಯಂಥ ಕ್ರಮ. ಲಾರಿ, ಟ್ರೇಲರ್ ಚಕ್ರಗಳಲ್ಲಿ ಟೈರನ್ನು ಒಂದು ಕಬ್ಬಿಣದ ರಿಂಗ್ ಹಿಡಿದಿಟ್ಟಿರುತ್ತದೆ. ಒಳಗೆ ಗಾಳಿ ಇರುವಾಗ ಅದನ್ನು ಕೆದಕಿದರೆ ರಿಂಗ್ ಗುಂಡಿನಂತೆ ಹಾರುತ್ತದೆ. ಹಾಗಾಗಿ ಮೊದಲು ವಾಲ್ವಿನ ಪಿನ್ ತೆಗೆಯಬೇಕು, ಗಾಳಿಯ ಸದ್ದು ಪೂರಾ ನಿಲ್ಲಬೇಕು. ಅಷ್ಟಕ್ಕೇ ಬಸವರಾಜು ನಂಬುತ್ತಿರಲಿಲ್ಲ. ವಾಲ್ವಿನ ತೂತಿಗೆ ತಂತಿ ತೂರಿಸಿ ಆಡಿಸಿ, ದಾರಿ ಕಟ್ಟಿಲ್ಲ ಎಂದು ಖಾತ್ರಿ ಮಾಡಿಕೊಂಡೇ ರಿಂಗ್ ಎಬ್ಬಿಸುವ ಕಬ್ಬಿಣದ ಲಿವರ್ ಹಿಡಿಯುತ್ತಿದ್ದ.

ಈ ಕ್ರಮವೆಲ್ಲ ಅವನ ಶೆಡ್ಡಿನಲ್ಲಿ ನಡೆಯುತ್ತಿತ್ತು. ಎಸ್ಟೇಟಿನವರ ಕ್ರಮವೇ ಬೇರೆ. ಪಂಚರ್ ಅಂಗಡಿಗೆ ಕಳಿಸಿದರೆ ಹೊಸ ಟೈರಿಗೆ ಹಳೆ ಟೈರು ಬದಲಾಗಿ ಬರುತ್ತದೆ ಎಂಬ ಅನುಮಾನ ಈ ಸೀಮೆಯ ಸಾಹುಕಾರರಿಗೆ ತಲೆತಲಾಂತರದಿಂದ ಬಂದದ್ದು. ಆದ್ದರಿಂದ ಚಕ್ರ ಮನೆ ಬಿಟ್ಟು ಹೋಗಬಾರದು, ಪಂಚರಿನವನೇ ಬರಬೇಕು, ಅಂಗಳದಲ್ಲಿ ಅವರ ಕಣ್ಣೆದುರೇ ಬಿಚ್ಚಬೇಕು. ತಮ್ಮ ವರ್ಷದ ಕಾಫಿಯನ್ನು ವ್ಯಾಪಾರಿ ಎಲ್ಲಿ, ಹೇಗೆ ತೂಗಿದ ಎಂದು ಒಂದು ದಿನ ಹೋಗಿ ನೋಡದ ಮಹಾನುಭಾವರು, ಒಂದು ಟೈರು ಬಿಚ್ಚುವಾಗ ಮಾತ್ರ ಕುರ್ಚಿ ಹಾಕಿಸಿಕೊಂಡು ಕಾವಲು ಕೂರುತ್ತಾರೆ!

ತೊಂಬತ್ತೇಳರ ಡಿಸೆಂಬರ್. ಚನ್ನಕೇಶವ ಗೌಡರ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಕುಯ್ಲು ಬಿರುಸಾಗಿತ್ತು. ಹಣ್ಣು ಸಾಗಿಸುವ ಟ್ರೇಲರಿನ ಒಂದು ಚಕ್ರ ಕೂತಿತು. ಜೀಪು ಬಂತು, "ಹತ್ತು, ಹತ್ತು" ಎಂದು ಅವಸರ ಮಾಡಿ ಬಸವರಾಜುವನ್ನು ಕರೆದೊಯ್ದಿತು. ಲಿವರ್, ಸುತ್ತಿಗೆ ಚೀಲದಲ್ಲಿದ್ದವು. ತಂತಿ ಶೆಡ್ಡಿನ ಮೊಳೆಯಲ್ಲೇ ಉಳಿಯಿತು.

ಆ ಟ್ರೇಲರ್ ದಿನವೂ ನಿಲ್ಲುತ್ತಿದ್ದುದು ಹಣ್ಣು ಸುಲಿಯುವ ಪಲ್ಪರ್ ಯಂತ್ರದ ಪಕ್ಕದಲ್ಲಿ, ಹಣ್ಣಿನ ಸಿಪ್ಪೆ ಕೊಳೆತು ಅಂಟಾದ ಕೆಸರಿನಲ್ಲಿ. ವಾಲ್ವಿನ ಕ್ಯಾಪ್ ಯಾವತ್ತೋ ಕಳೆದುಹೋಗಿತ್ತು. ಕೆಸರು ವಾಲ್ವಿನೊಳಗೆ ಹೊಕ್ಕು ಒಣಗಿ ಬಿರಡೆಯಂತೆ ಕೂತಿತ್ತು. ಬಸವರಾಜು ಚಕ್ರ ಕಳಚಿ ಅಂಗಳದಲ್ಲಿ ಮಲಗಿಸಿ ಪಿನ್ ತೆಗೆದ. ಸದ್ದೇ ಬರಲಿಲ್ಲ.

"ಗೌಡ್ರೇ, ಒಂದು ತುಂಡು ತಂತಿ ಬೇಕಿತ್ತು" ಎಂದ.

"ಎಂತಕ್ಕೆ?"

"ಗಾಳಿ ಪೂರ್ತಿ ಹೋಗಿದ್ಯಾ ನೋಡ್ಬೇಕು."

"ಟೈರು ನೆಲಕ್ಕೆ ಕೂತಿದ್ದು ನಾನೇ ನೋಡಿದೀನಿ ಮಾರಾಯ. ಹಣ್ಣು ಅಲ್ಲಿ ಹುಳಿ ಬರ್ತಿದೆ, ಇವ್ನಿಗೆ ತಂತಿ ಬೇಕಂತೆ! ನಿನ್ನ ತಂತಿಗೆ ಎಸ್ಟೇಟ್ ಬೇಲಿ ಬಿಚ್ಚಿಸ್ಲಾ?"

ಅಂಗಳದಲ್ಲಿದ್ದವರೆಲ್ಲ ನಕ್ಕರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಷಡಕ್ಷರಿಯೂ ನಕ್ಕ. ಷಡಕ್ಷರಿ ಬೇರೆ ಯಾರೂ ಅಲ್ಲ, ನಂಜಮ್ಮನ ಸ್ವಂತ ಅಣ್ಣನ ಮಗ. ಬಸವರಾಜುವೂ ನಕ್ಕ. ಅವನ ತಪ್ಪು ಅಂತ ಒಂದಿದ್ದರೆ ಆ ನಗುವೇ. ಹತ್ತು ಜನರ ಮುಂದೆ ಪುಕ್ಕಲ ಅನ್ನಿಸಿಕೊಳ್ಳಲಾರದೆ ಲಿವರ್ ತುದಿಯನ್ನು ರಿಂಗಿನ ಸಂದಿಗೆ ಇಟ್ಟು ಸುತ್ತಿಗೆಯಿಂದ ಹೊಡೆದ.

ಲೋಡಿನ ಭಾರಕ್ಕೆ ಟೈರು ಕೂತಿತ್ತೇ ಹೊರತು ಒಳಗೆ ಗಾಳಿ ಬೇಕಾದಷ್ಟಿತ್ತು. ರಿಂಗ್ ಹಾರಿ ಬಲಗೈಗೆ ಬಡಿಯಿತು. ಮೊಣಕೈಯಿಂದ ಕೆಳಗೆ ಕೈ ಎನ್ನುವಂಥದ್ದೇನೂ ಉಳಿಯಲಿಲ್ಲ.

ಜೀಪಿನಲ್ಲಿ ಮಲಗಿಸುವಾಗ, ನೋವು ಮರೆಯಲಿ ಎಂದು, ಯಾರೋ ಅವನ ಬಾಯಿಗೆ ಬ್ರಾಂಡಿ ಸುರಿದರು. ಅರ್ಧ ಗಂಟಲಿಗೆ, ಅರ್ಧ ಅಂಗಿಗೆ. ಯಾರೆಂದು ನೋಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ಸುರಿದದ್ದು ದಯೆಯಿಂದಲೇ ಇರಬಹುದು, ನಾನು ಅಲ್ಲಗಳೆಯುವುದಿಲ್ಲ. ಆಮೇಲೆ ಅದನ್ನು ಬಳಸಿಕೊಂಡ ರೀತಿಯಲ್ಲಿ ಮಾತ್ರ ದಯೆಯ ಸುಳಿವೂ ಇರಲಿಲ್ಲ.

ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಮೂಗಿಗೆ ಬಂದದ್ದನ್ನು ಚೀಟಿಯಲ್ಲಿ ಬರೆದರು: ಮದ್ಯದ ವಾಸನೆ ಇದೆ. ಓಡೋಡಿ ಬಂದ ನಂಜಮ್ಮ ಮಗನ ಅಂಗಿಯ ಮೇಲೆ ಬಗ್ಗಿದರು, ಹಾಗೇ ಹಿಂದೆ ಸರಿದರು. ಇಪ್ಪತ್ತು ವರ್ಷ ಗಂಡನ ಮೈಯಲ್ಲಿ ಮೂಸಿದ ವಾಸನೆ. ಪಕ್ಕದಲ್ಲಿ ನಿಂತಿದ್ದ ಗೌಡರು ಮೆತ್ತಗೆ ಹೇಳಿದರು: "ಏನ್ ಮಾಡೋದು ನಂಜಮ್ಮ, ಕುಡ್ದು ಬಂದಿದ್ದ. ಇವತ್ತು ಬೇಡ ಕಣೋ ಅಂತ ನಾನು ಹೇಳ್ದೆ. ಕೇಳ್ಲಿಲ್ಲ."

ಎಷ್ಟು ನಯವಾದ ಸುಳ್ಳು!

"ಅಮ್ಮಾ, ಅವ್ರೇ ಕುಡ್ಸಿದ್ದು" ಎಂದು ಬಸವರಾಜು ಎಚ್ಚರವಾದಾಗಲೆಲ್ಲ ಹೇಳಿದ.

"ನಿಮ್ಮಪ್ಪನೂ ಹಿಂಗೇ ಹೇಳ್ತಿದ್ದ. ಅವ್ರು ಕುಡ್ಸಿದ್ರು, ಇವ್ರು ಕುಡ್ಸಿದ್ರು" ಎಂದರು ನಂಜಮ್ಮ. ಮಗ ಎದ್ದು ಓಡಾಡುವ ತನಕ ಇದ್ದು, ಆಮೇಲೆ ಸಂಸೆಯಲ್ಲಿದ್ದ ಮಗಳ ಮನೆಗೆ ಹೋಗಿಬಿಟ್ಟರು. ಲಿಂಗ ಮುಟ್ಟಿ ಆಣೆ ಮಾಡಿ ತಪ್ಪಿದವನ ಕೈಯ ನೀರು ಬೇಡ ಎಂದರು.

ಕೈ ಹೋದದ್ದಕ್ಕೆ ಅವನು ಯಾರ ಮುಂದೆಯೂ ಅಳಲಿಲ್ಲ. ಶೆಡ್ಡು ಮುಚ್ಚಿ, ಮನೆಯ ಅಂಗಳದಲ್ಲೇ ಸೈಕಲ್ಲು, ಸ್ಕೂಟರಿನ ಟೈರು ಬಿಚ್ಚುವುದನ್ನು ಹೊಸದಾಗಿ ಕಲಿತ. ಹಿಮ್ಮಡಿಯಿಂದ ತುಳಿದು ಟೈರಿನ ಅಂಚು ಬಿಡಿಸುವುದು, ಒಂದು ಲಿವರ್ ಹಾಕಿ ಮಂಡಿಯಡಿ ಒತ್ತಿ ಹಿಡಿಯುವುದು, ಎಡಗೈಯಲ್ಲಿ ಇನ್ನೊಂದು ಲಿವರಿನಿಂದ ಸುತ್ತಲೂ ಎಬ್ಬಿಸುತ್ತ ಬರುವುದು. ಟ್ಯೂಬಿಗೆ ಒಂದು ಗೀರೂ ಬೀಳುತ್ತಿರಲಿಲ್ಲ. ಆದರೆ ತಾಯಿ ನಂಬಲಿಲ್ಲ ಎನ್ನುವುದು ಅವನನ್ನು ಒಳಗೇ ತಿಂದಿತು. ಷಡಕ್ಷರಿಯ ಬಳಿ ಹೋಗಿ ಬೇಡಿದ.

"ನೀನು ಅಲ್ಲೇ ಇದ್ದೆಯಲ್ಲೋ. ಅಮ್ಮನ ಹತ್ರ ಒಂದು ಮಾತು ಹೇಳು, ಸಾಕು."

"ಕಣ್ಣಾರೆ ಕಂಡಿದೀನಿ ಮಾರಾಯ, ಇಲ್ಲ ಅನ್ನಲ್ಲ" ಎಂದ ಷಡಕ್ಷರಿ. "ಆದ್ರೆ ನಾನಿರೋದು ಗೌಡ್ರ ಕ್ವಾರ್ಟರ್ಸಲ್ಲಿ. ಮಾತು ಸಂಸೆಯಿಂದ ಇಲ್ಲಿಗೆ ಬರೋಕೆ ಎಷ್ಟೊತ್ತು?"

ಹೀಗೆ ಮೂರೂವರೆ ವರ್ಷ ಕಳೆಯಿತು. ಎರಡು ಸಾವಿರದ ಒಂದರಲ್ಲಿ ಕಾಫಿ ರೇಟು ಬಿತ್ತು. ಗೌಡರು ರೈಟರ್ ಕೆಲಸವನ್ನೇ ತೆಗೆದು ಷಡಕ್ಷರಿಯನ್ನು ಮನೆಗೆ ಕಳಿಸಿದರು. ಆ ವಾರವೇ ಅವನು ಬಸವರಾಜುವಿನ ಅಂಗಳಕ್ಕೆ ಬಂದ. "ನಡಿ, ಅತ್ತೆ ಹತ್ರ ಹೋಗಾಣ" ಎಂದ. ಹೊಟ್ಟೆಗೆ ಹೊಡೆತ ಬಿದ್ದ ಮೇಲೆ ಏಳುವ ಆತ್ಮಸಾಕ್ಷಿ ನಮ್ಮಲ್ಲಿ ಬೇಕಾದಷ್ಟು ಜನಕ್ಕಿದೆ.

ಸಂಸೆಯಲ್ಲಿ ನಂಜಮ್ಮ ಅಣ್ಣನ ಮಗನಿಗೆ ತಟ್ಟೆ ಇಟ್ಟು ಅನ್ನ ಬಡಿಸಿದರು. ಮಗ ಬಾಗಿಲ ಬಳಿಯೇ ನಿಂತಿದ್ದ. ಷಡಕ್ಷರಿ ತಂತಿಯಿಂದ ಹಿಡಿದು ಬ್ರಾಂಡಿಯ ತನಕ ಎಲ್ಲ ಹೇಳಿದ.

"ಕೆಲ್ಸ ಹೋದ ಸಿಟ್ಟಿಗೆ ಹೇಳ್ತಿದೀಯ" ಎಂದರು ನಂಜಮ್ಮ. "ಇಷ್ಟು ವರ್ಷ ಬಾಯಲ್ಲಿ ಎಂತ ಇತ್ತು?"

"ಅತ್ತೆ, ಲಿಂಗದಾಣೆ."

"ಆಣೆ ಬೇಡ. ಆಣೆ ನೋಡಿ ಸಾಕಾಗಿದೆ. ಬಾಟ್ಲಿ ಹಿಡ್ದು ಸುರಿದೋರು ಯಾರು? ಹೆಸ್ರು ಹೇಳು."

ಷಡಕ್ಷರಿ ಅನ್ನ ಕಲಸುವುದನ್ನು ನಿಲ್ಲಿಸಿದ. ತಟ್ಟೆ ನೋಡುತ್ತಲೇ ಹೇಳಿದ: "ನಾನೇ ಅತ್ತೆ. ಗೌಡ್ರು ಒಳಗಿಂದ ತಂದ್ಕೊಟ್ರು. ಅವ್ನು ಬೇಡ ಅಂತ ತಲೆ ಆಡಿಸ್ತಿದ್ದ. ನಾನೇ ದವಡೆ ಹಿಡ್ದು ಸುರಿದೆ."

ಬಸವರಾಜುವಿಗೂ ಆವತ್ತೇ ಅದು ಗೊತ್ತಾದದ್ದು. ನಂಜಮ್ಮ ಬಾಗಿಲ ಕಡೆ ತಿರುಗಿ ಮಗನ ಖಾಲಿ ತೋಳನ್ನು ನೋಡಿದರು. "ಒಳಗೆ ಬಾ" ಎಂದರು. ಅಷ್ಟೇ. ಆಮೇಲೆ ಷಡಕ್ಷರಿಗೆ ಹೇಳಿದರು:

"ಇದನ್ನೇ ಕೊಟ್ಟಿಗೆಹಾರದ ಸರ್ಕಲ್ಲಲ್ಲಿ ನಿಂತು ಹೇಳು. ನನ್ನ ಮಗನ್ನ ಊರೆಲ್ಲ ಕುಡುಕ ಅಂತಿದೆ."

"ಅಲ್ಲಿ ಬೇಡ ಅತ್ತೆ" ಎಂದ ಷಡಕ್ಷರಿ. "ರೇಟು ಎದ್ರೆ ಗೌಡ್ರು ಮತ್ತೆ ಕರೀಬಹುದು."

ನಂಜಮ್ಮ ಸೌಟನ್ನು ಪಾತ್ರೆಗೆ ಹಾಕಿದರು. ಒಳಗೆ ಹೋಗಿ ಬಟ್ಟೆಗಂಟು ತಂದರು. "ಬಸ್ಸೆಷ್ಟೊತ್ತಿಗೆ ನೋಡು" ಎಂದರು ಮಗನಿಗೆ. "ಸರ್ಕಲ್ಲಲ್ಲಿ ನಾನೇ ಹೇಳ್ತೀನಿ."

ಮೂವರೂ ಒಂದೇ ಬಸ್ಸು ಹತ್ತಿದರು. ಕೊಟ್ಟಿಗೆಹಾರ ಇನ್ನೂ ದೂರವಿರುವಾಗಲೇ, ಕಳಸದಲ್ಲಿ ಬಸ್ಸು ನಿಂತಾಗ, ಯಾರನ್ನೋ ನೋಡುವುದಿದೆ ಎಂದು ಷಡಕ್ಷರಿ ಇಳಿದುಕೊಂಡ.