ಠೇವಣಿಯಲ್ಲಿದ್ದ ಬಂದೂಕು

ಚುನಾವಣೆ ಬಂತೆಂಬುದನ್ನು ಉಳಿದವರು ಧ್ವನಿವರ್ಧಕದಿಂದ ತಿಳಿಯುತ್ತಾರೆ. ವಿದ್ಯಾರಣ್ಯಪುರಂನ ನಮ್ಮ ಬೀದಿಯಲ್ಲಿ ನಾನು ತಿಳಿಯುವುದು ಹೂವಿನ ಚಿತ್ತಾರದ ಒಂದು ಹಳೆಯ ಬೆಡ್‌ಶೀಟಿನಿಂದ. ನೀತಿಸಂಹಿತೆ ಜಾರಿಯಾದ ಎರಡು ಮೂರು ದಿನಗಳಲ್ಲಿ ಪಕ್ಕದ ಮನೆಯ ಶಿವಣ್ಣನವರು ನಾಲ್ಕಡಿ ಉದ್ದದ ಒಂದು ವಸ್ತುವನ್ನು ಅದರಲ್ಲಿ ಎಳೆಗೂಸಿನಂತೆ ಸುತ್ತಿ ಎತ್ತಿಕೊಂಡು ನಮ್ಮ ಗೇಟಿನ ಮುಂದೆ ನಿಲ್ಲುತ್ತಾರೆ. ಅದು ಅವರ ಬಂದೂಕು. ಪರವಾನಗಿಯ ಬಂದೂಕುಗಳನ್ನು ಚುನಾವಣೆ ಮುಗಿಯುವ ತನಕ ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕೆಂಬುದು ನಿಯಮ. ಆಟೋದವರು ಬೆಡ್‌ಶೀಟಿನ ತುದಿಯಲ್ಲಿ ಇಣುಕುವ ನಳಿಗೆಯನ್ನು ಕಂಡು ನಿಲ್ಲಿಸದೆ ಹೋಗುತ್ತಾರೆ. ಕಣ್ಣಿನ ಆಪರೇಷನ್ ಆದ ಮೇಲೆ ಶಿವಣ್ಣನವರಿಗೆ ಗಾಡಿ ಓಡಿಸಲು ಮಗಳ ಅನುಮತಿಯಿಲ್ಲ. ಅವರಲ್ಲಿ ಆಯುಧವುಂಟು, ವಾಹನವಿಲ್ಲ. ನನ್ನಲ್ಲಿ ವಾಹನವುಂಟು, ಶೌರ್ಯವಿಲ್ಲ. ಹೀಗೆ ಪರಸ್ಪರ ಪೂರಕರಾದ ನಾವಿಬ್ಬರು ನನ್ನ ಹಳೆಯ ಸ್ಕೂಟರಿನಲ್ಲಿ ಹೊರಡುತ್ತೇವೆ. ಅಭ್ಯರ್ಥಿಗಳು ಠೇವಣಿ ಕಳೆದುಕೊಳ್ಳುವ ಋತುವಿನಲ್ಲಿ ಠೇವಣಿಯನ್ನು ಖಚಿತವಾಗಿ ಮರಳಿ ಪಡೆಯುವವರು ನಮ್ಮ ಬೀದಿಯಲ್ಲಿ ಅವರೊಬ್ಬರೇ.

ಬಂದೂಕು ಅವರ ತಂದೆಯ ಕಾಲದ್ದು, ಹೊಲಕ್ಕೆ ನುಗ್ಗುವ ಕಾಡುಹಂದಿಗಳನ್ನು ಬೆದರಿಸಲು ಪಡೆದದ್ದು. ಶಿವಣ್ಣನವರು ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಊರಿನ ಹೊಲ ಈಗ ತಮ್ಮನ ಸಾಗುವಳಿಯಲ್ಲಿದೆ. ಆದರೂ ಪರವಾನಗಿಯಲ್ಲಿ 'ಬೆಳೆ ರಕ್ಷಣೆಗಾಗಿ' ಎಂದೇ ಇದೆ. ನಗರದಲ್ಲಿ ಅವರ ಒಟ್ಟು ಬೆಳೆ ಹಿತ್ತಲಿನ ಒಂದು ಕರಿಬೇವಿನ ಗಿಡ, ಎರಡು ಕುಂಡ ದೊಡ್ಡಪತ್ರೆ. ಅದಕ್ಕೆ ನುಗ್ಗುವ ವನ್ಯಮೃಗ ನಾನೊಬ್ಬನೇ, ಅದೂ ಒಗ್ಗರಣೆಯ ಹೊತ್ತಿಗೆ.

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಹೇಳಿದವನು. ಮಾವಿನಹಣ್ಣು ಮಾರುಕಟ್ಟೆಗೆ ಬರುವುದಕ್ಕೂ ಪರೀಕ್ಷೆಯ ಫಲಿತಾಂಶ ಬರುವುದಕ್ಕೂ ಸಹಸಂಬಂಧವಿದ್ದರೂ, ಹುಡುಗರು ನಪಾಸಾಗುವುದಕ್ಕೆ ಮಾವು ಕಾರಣವಲ್ಲವೆಂದು ಜೀವಮಾನವಿಡೀ ಬೋಧಿಸಿ ಬೀಗಿದವನು. ಇಂಥವನಿಗೆ ಪಕ್ಕದಲ್ಲೇ ಬಂದೂಕಿರುವ ನೆರೆಮನೆ ಸಿಕ್ಕರೆ ಸುಮ್ಮನಿರುವುದುಂಟೆ? "ಈ ಬೀದಿಲಿ ಬಂದೂಕದೆ ಅಂತ ಗೊತ್ತಿರೋದ್ಕೇ ಕಳ್ರು ಬರಾಕಿಲ್ಲ ಕಣ್ರೀ ಮೇಷ್ಟ್ರೇ" ಎಂಬುದು ಅವರ ಪ್ರಮೇಯ. ಹಿಂದಿನ ಬೀದಿಯಲ್ಲಿ ಬಂದೂಕಿಲ್ಲ, ಕಳ್ಳರೂ ಬಂದಿಲ್ಲ ಎಂಬುದು ನನ್ನ ಖಂಡನೆ. ಬಂದೂಕು ಹೆಚ್ಚಿದ್ದಲ್ಲಿ ಕೊಲೆಯೂ ಹೆಚ್ಚೆಂದು ನಾನು ದೂರದ ದೇಶಗಳನ್ನು ತಂದು ನಿಲ್ಲಿಸಿದರೆ, ಅವರು ಪಕ್ಕದ ಕೊಡಗನ್ನು ತರುತ್ತಿದ್ದರು. ಮನೆಮನೆಗೆ ಕೋವಿಯಿದ್ದೂ ಅಲ್ಲಿಯವರು ನೆಮ್ಮದಿಯಾಗಿಲ್ಲವೇ ಎಂದು ಕೇಳುತ್ತಿದ್ದರು. ವಾದ ಕಾವೇರಿದಾಗ ಅವರ ಪತ್ನಿ ಜಯಮ್ಮನವರು ಕಾಫಿ ತಂದಿಟ್ಟು, "ಎಲೆಕ್ಷನ್ ವರ್ಸಕ್ಕೆರಡ್ ಬಂದ್ರೆ ಒಳ್ಳೇದು. ಬೀರುನಾಗೆ ನನ್ ಸೀರೆಗೊಸಿ ಜಾಗ ಆಯ್ತದೆ" ಎನ್ನುತ್ತಿದ್ದರು. ಆ ಮನೆಯಲ್ಲಿ ಬಂದೂಕು ಒಡ್ಡಿದ ಏಕೈಕ ಅಪಾಯ ಅದೇ ಎಂದು ನಾವು ಮೂವರೂ ನಕ್ಕದ್ದುಂಟು.

ನಾನಾದರೋ ಸಂಶೋಧನೆಯನ್ನೇ ಕೈಗೊಂಡೆ. ಬಂದೂಕು ಮನೆಯಲ್ಲಿದ್ದ ಅವಧಿ, ಠಾಣೆಯಲ್ಲಿದ್ದ ಅವಧಿ ಎಂದು ಕಾಲವನ್ನು ಎರಡು ಭಾಗ ಮಾಡಿ, ಬೀದಿಯ ಅಪರಾಧಗಳನ್ನು ಹಳೆಯ ಡೈರಿಯೊಂದರಲ್ಲಿ ಟಿಪ್ಪಣಿ ಮಾಡುತ್ತ ಹೋದೆ. ಹಲವು ಚುನಾವಣೆಗಳ ತಪಸ್ಸಿನ ಫಲ ಇಷ್ಟು: ಬಂದೂಕು ಮನೆಯಲ್ಲಿದ್ದಾಗ ನನ್ನ ಚಪ್ಪಲಿ ಹೋಯಿತು, ಠಾಣೆಯಲ್ಲಿದ್ದಾಗ ಎದುರುಮನೆಯ ಎಳನೀರಿನ ಗೊನೆ ಹೋಯಿತು. ಬಂದೂಕಿನ ಸಾನ್ನಿಧ್ಯದಲ್ಲಿ ಕಳ್ಳತನವು ತೆಂಗಿನ ತಲೆಯಿಂದ ನನ್ನ ಪಾದಕ್ಕೆ ಇಳಿಯುತ್ತದೆ ಎಂದಲ್ಲದೆ ಬೇರೆ ಸಿದ್ಧಾಂತ ಹೊರಡಲಿಲ್ಲ. ನಿದರ್ಶನಗಳ ಸಂಖ್ಯೆ ಸಾಲದು ಎಂದು ಬರೆದು ಡೈರಿ ಮುಚ್ಚಿದೆ.

ಕಳೆದ ಚುನಾವಣೆಗೂ ಎಂದಿನಂತೆ ಬಂದೂಕನ್ನು ಠಾಣೆಗೆ ಮುಟ್ಟಿಸಿ ಬಂದೆವು. ಅದು ಅಲ್ಲಿದ್ದಾಗಲೇ ಜಯಮ್ಮನವರು ತೀರಿಕೊಂಡರು. ಎದೆನೋವೆಂದು ಆಸ್ಪತ್ರೆಗೆ ಹೋದವರು ಮೂರನೆಯ ದಿನ ಇಲ್ಲವಾದರು. ಶಿವಣ್ಣನವರು ಅಳಲಿಲ್ಲ. ಅಳದಿದ್ದದ್ದನ್ನು ಗಟ್ಟಿತನವೆಂದು ತಿಳಿದ ಜಾಣರಲ್ಲಿ ನಾನೂ ಒಬ್ಬ. ಅವರು ಪತ್ರಿಕೆ ಓದುವುದು ಬಿಟ್ಟರು, ಕರಿಬೇವಿಗೆ ನೀರು ಹಾಕುವುದು ಬಿಟ್ಟರು, ಕೊನೆಗೆ ನನ್ನೊಡನೆ ವಾದಿಸುವುದನ್ನೂ ಬಿಟ್ಟರು.

ಮತ ಎಣಿಕೆ ಮುಗಿದು, ಬಂದೂಕು ಒಯ್ಯಬಹುದೆಂದು ಠಾಣೆಯಿಂದ ಫೋನ್ ಬಂದ ಸಂಜೆ ಅವರ ಮಗಳು ಸುಮ ನಮ್ಮ ಮನೆಗೆ ಬಂದಳು. ಶಾಲೆಯಲ್ಲಿ ಟೀಚರ್ ಆಗಿರುವ ಅವಳು ತಂದೆಯೊಡನೆಯೇ ಇರುವವಳು. ಕುರ್ಚಿಯ ತುದಿಯಲ್ಲಿ ಕೂತು, "ಅಂಕಲ್, ಅಮ್ಮ ಹೋದ್ಮೇಲೆ ಅಪ್ಪ ಯಾವುದನ್ನೂ ಬಾಯ್ಬಿಟ್ಟು ಕೇಳಿಲ್ಲ. ಊಟಾನೂ ಕೇಳಲ್ಲ. ಬಂದೂಕು ಯಾವಾಗ ತರೋದು ಅಂತ ಮಾತ್ರ ದಿನಾ ಕೇಳ್ತಾರೆ. ಅವರೇನಾದ್ರೂ ಮಾಡ್ಕೊಂಡ್ಬುಟ್ರೆ ಅಂತ ನಂಗೆ ಭಯ. ಸ್ಕೂಟರ್ ಕೆಟ್ಟಿದೆ ಅಂದ್ಬಿಡಿ ಅಂಕಲ್, ಸ್ವಲ್ಪ ದಿನ" ಎಂದಳು. ಡಾಕ್ಟರ ಬಳಿ ಕರೆದುಕೊಂಡು ಹೋಗಲು ತಂದೆಯನ್ನು ಒಪ್ಪಿಸುತ್ತಿದ್ದಾಳಂತೆ.

ನನಗೂ ಭಯವಾಯಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಇಷ್ಟು ವರ್ಷ ಬಂದೂಕನ್ನೂ ಅಪರಾಧವನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಿದ ನಾನು ಕಳ್ಳನನ್ನು ಲೆಕ್ಕಕ್ಕೆ ಹಿಡಿದಿದ್ದೆ, ಕೊಲೆಗಾರನನ್ನು ಹಿಡಿದಿದ್ದೆ. ಬಂದೂಕಿನ ಜೊತೆ ಒಂದೇ ಸೂರಿನಡಿ ಮಲಗುವ ದುಃಖಿತ ಮನುಷ್ಯನಿಗೆ ನನ್ನ ಕೋಷ್ಟಕದಲ್ಲಿ ಕಂಬಸಾಲೇ ಇರಲಿಲ್ಲ. ಹೊರಗಿನಿಂದ ಬರುವವನನ್ನು ಕಾಯುತ್ತ ಬಾಗಿಲ ಕಡೆಯೇ ನೋಡಿದವರಿಗೆ ಒಳಗೆ ಕೂತವರು ಕಾಣುವುದಿಲ್ಲ. ಇಲ್ಲಿ ನಿದರ್ಶನ ಒಂದೇ. ಆ ಒಂದು ನನ್ನ ಸ್ನೇಹಿತ.

ಹೀಗೆ ಸ್ಕೂಟರ್ ಕೆಟ್ಟಿತು. ಆದರೆ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರ ಬಳಿ ಯಂತ್ರದ ವಿಷಯದಲ್ಲಿ ಸುಳ್ಳು ಹೇಳುವುದು ಅಜ್ಜನಿಗೆ ಕೆಮ್ಮು ಕಲಿಸುವಂಥ ಕೆಲಸ. "ಏನಾಗದೆ?" ಎಂದರು. "ಸದ್ದು ಬರುತ್ತೆ" ಎಂದೆ. "ಎಂಥ ಸದ್ದು?" ಎಂದರು. ಬಾಯಲ್ಲಿ ಒಂದು ಸದ್ದು ಮಾಡಿ ತೋರಿಸಿದೆ. ಅಂಥ ಸದ್ದು ಯಾವ ಸ್ಕೂಟರಿನಿಂದಲೂ ಹೊರಡುವುದಿಲ್ಲವೆಂಬುದು ಅವರ ಮುಖದಲ್ಲಿ ಬರೆದಿತ್ತು. ಅಂದೇ ಎಂಜಿನ್ನಿನ ಬಾಗಿಲು ತೆಗೆದು, ಪ್ಲಗ್ಗಿನ ವೈರನ್ನು ಕಿತ್ತು ಸುಳ್ಳಿಗೆ ಸಾಕ್ಷಿ ಒದಗಿಸಿದೆ. ಸುಳ್ಳಿನ ಪ್ರಾಯಶ್ಚಿತ್ತವೆಂಬಂತೆ, ಸ್ಕೂಟರ್ ಇಲ್ಲದಿದ್ದರೇನು, ಕಾಲಿದೆಯಲ್ಲ ಎಂದು ಅವರನ್ನು ದಿನಾ ಸಂಜೆ ವಾಕಿಂಗಿಗೆ ಎಬ್ಬಿಸತೊಡಗಿದೆ. ಸರಸ್ವತಿಪುರಂ ತನಕ ನಡೆದು, ಕಾಫಿ ಕುಡಿದು, ಬಸ್ಸಿನಲ್ಲಿ ಮರಳುತ್ತಿದ್ದೆವು. ಮೊದಮೊದಲು ಮಾತಿರಲಿಲ್ಲ. ಕ್ರಮೇಣ ಜಯಮ್ಮನವರ ಉಪ್ಸಾರಿನ ರುಚಿಯ ಬಗ್ಗೆ ಒಂದು ಮಾತು ಬಂತು, ಮರುದಿನ ಎರಡು ಬಂದವು, ಮುಂದೊಂದು ದಿನ ಬಸ್ ಸ್ಟಾಪಿನಲ್ಲಿ ಕಣ್ಣೀರೂ ಬಂತು. ನಡುವೆ ಸುಮ ಅವರನ್ನು ಎರಡು ಸಲ ಡಾಕ್ಟರ ಬಳಿ ಕರೆದೊಯ್ದಳು.

ಕಳೆದ ಭಾನುವಾರ ಬೆಳಗ್ಗೆ ಅವರು ಕೈಯಲ್ಲಿ ಸ್ಪ್ಯಾನರ್ ಹಿಡಿದು ಬಂದರು. ನಾನು ಬೇಡವೆನ್ನುವ ಮೊದಲೇ ಎಂಜಿನ್ನಿನ ಬಾಗಿಲು ತೆಗೆದು, ಬಗ್ಗಿ, ಜೋತಾಡುತ್ತಿದ್ದ ವೈರನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಎದುರುಮನೆಯ ತೆಂಗಿನ ಮರವನ್ನು ನೋಡಿದೆ. ವೈರನ್ನು ಸಿಕ್ಕಿಸಿ ಒಂದು ಕಿಕ್ ಕೊಟ್ಟರು. ದ್ರೋಹಿ ಸ್ಕೂಟರ್ ಮೊದಲ ಏಟಿಗೇ ಶುರುವಾಗಿ ಬೀದಿ ತುಂಬ ಹೊಗೆ ಬಿಟ್ಟಿತು. ಸ್ವಲ್ಪ ಹೊತ್ತು ಓಡಲು ಬಿಟ್ಟು, ಆರಿಸಿದರು.

"ಇದು ತಾನಾಗ್ ಬುಟ್ಕೊಂಡಿದ್ದಲ್ಲ ಮೇಷ್ಟ್ರೇ, ಯಾರೋ ಕಿತ್ತವ್ರೆ."

"ನಾನೇ ಕಿತ್ತದ್ದು, ಶಿವಣ್ಣನವರೇ" ಎಂದೆ.

ಅವರು ಮೆಟ್ಟಿಲ ಮೇಲೆ ಕೂತು ಕೈಯ ಮಸಿಯನ್ನು ಬಹಳ ಹೊತ್ತು ಒರೆಸಿಕೊಂಡರು. "ಅವ್ಳು ಹೋದ್ಮೇಲೆ ಬಂದೂಕು ಬೇಕು ಬೇಕು ಅನ್ನಿಸ್ತಿತ್ತು. ಯಾಕೆ ಅಂತ ನಂಗೇ ಗೊತ್ತಿರ್ನಿಲ್ಲ" ಎಂದರು. ಹೆಬ್ಬೆರಳನ್ನು ಮತ್ತೊಮ್ಮೆ ಒರೆಸಿ, "ಒಂದೊಂದ್ ದಿನ ಗೊತ್ತಿತ್ತು" ಎಂದರು. ನಾನು ಅವರ ಪಕ್ಕದಲ್ಲಿ ಕೂತೆ. ಅವರ ಕೈ ಹಿಡಿದುಕೊಂಡೆ. ನನ್ನ ಕೈಗೂ ಮಸಿಯಾಯಿತು.

ಸುಳ್ಳಾಡಿ ಅಭ್ಯಾಸವಿಲ್ಲದ ಮನುಷ್ಯ. ಎದ್ದವರು ಮೊದಲು ಸ್ಕೂಟರಿನ ಬಳಿ ಬಗ್ಗಿ ಆ ವೈರನ್ನು ತಮ್ಮ ಕೈಯಿಂದಲೇ ಮತ್ತೆ ಕಿತ್ತರು. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದು ಠಾಣೆಗೆ ಫೋನ್ ಮಾಡಿದರು.

"ಸಾರ್, ನಾನು ವಿದ್ಯಾರಣ್ಯಪುರಂ ಶಿವಣ್ಣ. ಬಂದೂಕು ತಕ್ಕೊಂಡೋಗಕ್ಕೆ ಆಗಾಕಿಲ್ಲ ಸಾರ್, ನಿಮ್ಮತ್ರಾನೇ ಇರ್ಲಿ. ನಮ್ ಮೇಷ್ಟ್ರ ಗಾಡಿ ಕೆಟ್ಟೋಗದೆ... ಊಂ, ನಾನೇ ನೋಡ್ದೆ ಸಾರ್. ಇದು ಬ್ಯಾಗ್ನೆ ರಿಪೇರಿ ಆಗೋದಲ್ಲ."