ಕುರ್ಲಾದ ಖೋಲಿ, ಅನಿಲನ ಟೋಕನ್

ಮುಂಬಯಿಯ ಭಾಂಡುಪ್‌ನ ಒಂದು ಬಿಲ್ಡಿಂಗಿನಲ್ಲಿ ಪಂಕಜಾ ಅವರನ್ನು ಎಲ್ಲರೂ ‘ಬ್ಯಾಂಕಿನ ಅಕ್ಕ’ ಎನ್ನುತ್ತಾರೆ. ಮದುವೆಯಾಗಿ ಮೈಸೂರಿನಿಂದ ಬಂದು, ಫೋರ್ಟ್‌ನ ಬ್ಯಾಂಕೊಂದರಲ್ಲಿ ಅಧಿಕಾರಿಯಾಗಿ ನಿವೃತ್ತರಾದವರು ಅವರು. ಹಳೆಯ ಸಹೋದ್ಯೋಗಿಯೊಬ್ಬರು ತಮ್ಮ ಉಳಿತಾಯವನ್ನು, ಕೊಳ್ಳಲು ಬರುವ ಆದರೆ ಮಾರಲು ಬಾರದ, ಕ್ರಿಪ್ಟೋ ಟೋಕನ್ ಎಂಬ ಡಿಜಿಟಲ್ ನಾಣ್ಯಕ್ಕೆ ಸುರಿದು ಕಳೆದುಕೊಂಡ ಮೇಲೆ, ಪಂಕಜಾ ಹಠ ಹಿಡಿದು ಇಂಥ ಟೋಕನ್ನುಗಳನ್ನು ಪರೀಕ್ಷಿಸುವ ವಿದ್ಯೆಯನ್ನು ಕಲಿತರು. ಟೋಕನ್ನಿನ ಕಟ್ಟುಪಾಡುಗಳೆಲ್ಲ ಸ್ಮಾರ್ಟ್ ಕಾಂಟ್ರಾಕ್ಟ್ ಎಂಬ ಪ್ರೋಗ್ರಾಮಿನೊಳಗೆ ಇರುತ್ತವೆ. ಅದನ್ನು ಓದಿ ಅಪಾಯವನ್ನು ತಿಳಿಸುವ ಉಚಿತ ಜಾಲತಾಣಗಳಿವೆ. ಒಂದನ್ನೇ ನೆಚ್ಚಬಾರದೆಂದು ಅವರು ಮೂರು ತಾಣಗಳಲ್ಲಿ ಪರೀಕ್ಷಿಸಿ ಹೋಲಿಸುತ್ತಿದ್ದರು. ಕೇಳಿ ಬಂದವರಿಗೆ ತಾವು ಕಂಡಷ್ಟನ್ನು ಮಾತ್ರ ಹೇಳುತ್ತಿದ್ದರು.

ಒಂದು ಭಾನುವಾರ ಮರೆಪ್ಪ ಬಂದ. ರಾಯಚೂರು ಕಡೆಯವನು, ಅವರ ಅಡುಗೆಮನೆಗೆ ಟೈಲ್ಸ್ ಕೂರಿಸಿದವನು. ಕುರ್ಲಾದ ಚಾಳಿನಲ್ಲಿ ಸ್ವಂತದ್ದೆನ್ನುವ, ಒಂದೇ ಕೋಣೆಯ ಖೋಲಿಯೊಂದನ್ನು ಹಿಡಿಯಲು ಅವನೂ ಹೆಂಡತಿ ಶಿವಕುಮಾರಿಯೂ ವರ್ಷಗಟ್ಟಲೆ ಹಣ ಕೂಡಿಟ್ಟಿದ್ದರು. ಅದನ್ನು ಒಂದು ಟೋಕನ್ನಿಗೆ ಹಾಕೆಂದು ಅವಳ ತಮ್ಮ ಅನಿಲ ದುಂಬಾಲು ಬಿದ್ದಿದ್ದ. ಅವನೂ ಜೊತೆಗೆ ಬಂದಿದ್ದ.

“ಚೆಕ್ ಮಾಡ್ರಿ ಆಂಟಿ. ಏಕದಂ ಸಾಫ್ ಐತಿ. ನಾನೂ ಹಾಕೀನಿ,” ಎಂದ ಅನಿಲ.

ಪಂಕಜಾ ಟೋಕನ್ನಿನ ವಿಳಾಸವನ್ನು ಮೂರೂ ತಾಣಗಳಿಗೆ ಹಾಕಿದರು. ಮೊದಲನೆಯದು ಹಸಿರು ತೋರಿಸಿತು: ಮಾರಾಟಕ್ಕೆ ಅಡ್ಡಿಯಿಲ್ಲ. ಎರಡನೆಯದೂ ಹಸಿರು. ಮೂರನೆಯದು ಕೆಂಪು: ಟೋಕನ್ ಹೊರಡಿಸಿದ ಮಾಲೀಕ ಬಯಸಿದಾಗ ಎಲ್ಲರ ಮಾರಾಟವನ್ನೂ ನಿಲ್ಲಿಸಬಲ್ಲ.

ಮರೆಪ್ಪ ನಕ್ಕ. “ನಮ್ಮೂರ ಪಂಚಾಯ್ತ್ಯಾಗ ಮೂವರಾಗ ಇಬ್ಬರು ಹೂಂ ಅಂದ್ರ ಮುಗೀತ್ರಿ ಅಕ್ಕಾರ.”

ಪಂಕಜಾ ಅವರಿಗೂ ಅದು ಸರಿಯೆನಿಸುವುದರಲ್ಲಿತ್ತು. ಆದರೆ ಹಸಿರು ತೋರಿಸಿದ ಎರಡು ವರದಿಗಳೂ ಪದಕ್ಕೆ ಪದ ಒಂದೇ ಆಗಿದ್ದವು. ಎರಡನೆಯ ಪುಟದ ತಳಕ್ಕೆ ಹೋಗಿ ನೋಡಿದರು. ಮಾಹಿತಿಯನ್ನು ಮೊದಲನೆಯ ತಾಣದಿಂದಲೇ ಪಡೆದಿದ್ದೇವೆಂದು ಸಣ್ಣ ಅಕ್ಷರದಲ್ಲಿತ್ತು.

“ಈ ಎರಡನೆಯವನು ತಾನಾಗಿ ಏನೂ ನೋಡಿಲ್ಲ ಮರೆಪ್ಪ. ಮೊದಲನೆಯವನ ಸಹಿ ನೋಡ್ಕೊಂಡು ತಾನೂ ಹಾಕಿದ್ದಾನೆ. ಬ್ಯಾಂಕಲ್ಲಿ ಇಂಥವರನ್ನ ಬೇಕಾದಷ್ಟು ಕಂಡಿದ್ದೀನಿ.”

“ಅಂದ್ರ ಒಂದಕ್ಕೊಂದು ಸಮಾ ಆತು.”

“ಸಮಾ ಯಾಕ ಮಾಮಾ? ನೋಡಿಲ್ಲೆ!” ಅನಿಲ ತನ್ನ ಪಾಲಿನಲ್ಲಿ ಒಂದಿಷ್ಟನ್ನು ಅಲ್ಲಿಯೇ ಮೊಬೈಲಿನಲ್ಲಿ ಮಾರಿದ. ಮಾರಾಟವಾಯಿತು, ಹಣವೂ ಬಂತು. “ಬೋಲೋ ಆಂಟಿ, ಈಗ ಏನಂತೀರಿ?”

ಪಂಕಜಾ ಮೊದಲನೆಯ ಮತ್ತು ಮೂರನೆಯ ವರದಿಗಳನ್ನು ಮತ್ತೊಮ್ಮೆ ಓದಿದರು. ಮೊದಲನೆಯ ತಾಣ ಸುಳ್ಳು ಹೇಳಿರಲಿಲ್ಲ. ಅದು ಇಂದು ನಡೆಯುತ್ತಿರುವುದನ್ನು ನೋಡಿತ್ತು. ಮೂರನೆಯದೂ ಸುಳ್ಳು ಹೇಳಿರಲಿಲ್ಲ. ಅದು ನಾಳೆ ನಡೆಯಬಹುದಾದುದನ್ನು ನೋಡಿತ್ತು. ಇನ್ನೂ ನಡೆಯದೇ ಇರುವುದಕ್ಕೆ ಸಾಕ್ಷಿಯನ್ನು ಎಲ್ಲಿಂದ ತರುವುದು?

“ಆ ಮಾಲೀಕ ಕಳ್ಳ ಅಂತ ನಾನು ಹೇಳಲ್ಲಪ್ಪ. ನನಗೆ ಗೊತ್ತಿಲ್ಲ. ನಮ್ಮ ಬ್ಯಾಂಕಿನ ತಿಜೋರಿಗೆ ಎರಡು ಕೀ ಇರ್ತಿತ್ತು. ಒಂದು ಮ್ಯಾನೇಜರ್ ಹತ್ರ, ಒಂದು ನನ್ನ ಹತ್ರ. ಮ್ಯಾನೇಜರು ದೇವರಂಥೋರು. ಆದರೂ ಜ್ವರ ಬಂದ ದಿನ ಕೂಡ ನಾನೇ ಲೋಕಲ್ ಹತ್ತಿ ಹೋಗ್ತಿದ್ದೆ, ನನ್ನ ಕೀ ಅವರ ಕೈಗೆ ಕಳಿಸ್ತಿರಲಿಲ್ಲ. ಇಲ್ಲಿ ಎರಡೂ ಕೀ ಆ ಮಾಲೀಕನೊಬ್ಬನ ಜೇಬಲ್ಲಿದೆ.”

“ನಾಳೆ ಇದು ಡಬಲ್ ಆದ್ರ ಮಾಮಾನ ನುಕ್ಸಾನ ನೀವು ತುಂಬ್ತೀರೇನ್ರಿ?”

“ಇಲ್ಲ. ತುಂಬಲ್ಲ.”

ಮರೆಪ್ಪ ಅನಿಲನ ಕಡೆ ತಿರುಗಿದ. “ಅನಿಲ್ಯಾ, ನಾ ಖೋಲಿ ಹಿಡೀತೀನೋ ತಮ್ಮಾ,” ಎಂದ.

“ಹಿಡಿ. ಮನಿ ಹುಡುಗನ ಮ್ಯಾಲ ಭರೋಸಾ ಇಲ್ಲ, ಮಿಶೀನಿನ ಮ್ಯಾಲ ಐತಿ. ಅಕ್ಕಗ ಹಂಗ ಹೇಳು.” ಮುಂದಿಟ್ಟ ಚಹಾವನ್ನು ಮುಟ್ಟದೆ ಅನಿಲ ಮೆಟ್ಟಿಲಿಳಿದು ಹೋದ.

ಮುಂದಿನ ತಿಂಗಳು ಕುರ್ಲಾದ ಹೊಸ ಖೋಲಿಯಲ್ಲಿ ಹಾಲು ಉಕ್ಕಿಸುವ ಶಾಸ್ತ್ರಕ್ಕೆ ಪಂಕಜಾ ಹೋದರು. ತಮ್ಮ ಬರಲೆಂದು ಶಿವಕುಮಾರಿ ಒಲೆ ಹೊತ್ತಿಸದೆ ಬಾಗಿಲಲ್ಲೇ ನಿಂತಿದ್ದಳು. ನೆಂಟರೆಲ್ಲ ಬಂದರು, ಅನಿಲ ಬರಲಿಲ್ಲ.

ಮರೆಪ್ಪ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. “ಅಕ್ಕಾರ, ಆ ಟೋಕನ್ ಇನ್ನೂ ಮಾರಾಕ ಬರ್ತೈತೇನ್ರಿ?”

“ಬೆಳಗ್ಗೆ ನೋಡಿದೆ. ಬರುತ್ತೆ.”

“ಮಾರಾಕ ಬರ್ಲಿ ಬಿಡ್ರಿ,” ಎಂದ ಮರೆಪ್ಪ. “ಅವನ ರೊಕ್ಕ ಅದರಾಗ ಐತಿ.”